ಅಕ್ಕ ತಂಗಿಗೆ ಬಂದ ಆರಂಕಿ

ಕಚೇರಿಯಲ್ಲಿ ಅವಳನ್ನು ಯಾರೂ ನಿಜವಾದ ಹೆಸರಿನಿಂದ ಕರೆಯುತ್ತಿರಲಿಲ್ಲ. ಸೇರಿದ ಮೊದಲ ವಾರವೇ ಮೀಟಿಂಗೊಂದರಲ್ಲಿ ಹದಿಮೂರು ಸಲ "ಯಾಕೆ?" ಎಂದು ಕೇಳಿದ್ದಳಂತೆ, ಯಾರೋ ಪುಣ್ಯಾತ್ಮರು ಎಣಿಸಿದ್ದರು. ಅಂದಿನಿಂದ ಅವಳು ಯಾಕಮ್ಮ. ಅವಳಿಗೂ ಬೇಸರವಿರಲಿಲ್ಲ, ಕೆಲಸವೇ ಅಂಥದ್ದು. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳು ಜನರಿಗೆ ಅವರವರ ವರದಿಯನ್ನು ಮೊಬೈಲಿನಲ್ಲೇ ತೋರಿಸಲು ಬಳಸುವ ಒಂದು ಆ್ಯಪನ್ನು ಆ ಕಂಪನಿ ತಯಾರಿಸುತ್ತಿತ್ತು. ಬೇರೆಯವರು ಬರೆದದ್ದನ್ನು ಹಿಡಿದು ಎಳೆದಾಡಿ, ಎಲ್ಲಿ ಹರಿಯುತ್ತದೆ ಎಂದು ನೋಡುವುದು ಯಾಕಮ್ಮನ ಕೆಲಸ.

ಎಳೆದಾಟವನ್ನೆಲ್ಲ ಅವಳೇ ಕೈಯಾರೆ ಮಾಡುತ್ತಿದ್ದಳೆಂದಲ್ಲ. ಅದಕ್ಕೆಂದೇ ಅವಳು ಬರೆದಿಟ್ಟ ಪ್ರೋಗ್ರಾಮುಗಳಿದ್ದವು. ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಒಂದು ಸಲ, ಸಂಜೆ ನಾಲ್ಕೂವರೆಗೆ ಒಂದು ಸಲ ಅವು ತಾವಾಗಿಯೇ ಎದ್ದು, ರೋಗಿಗಳ ವೇಷ ಹಾಕಿಕೊಂಡು ಆ್ಯಪಿನೊಳಗೆ ಹೋಗಿ, ವರದಿ ತೆರೆದು, ಮುಚ್ಚಿ, ಹೊರಬಂದು, ಮತ್ತೆ ಒಳಹೋಗಿ, ಎಲ್ಲ ಸರಿಯಿದ್ದರೆ ಹಸಿರು ಗೆರೆಯನ್ನೂ ಇಲ್ಲದಿದ್ದರೆ ಕೆಂಪು ಗೆರೆಯನ್ನೂ ಎಳೆದು ಸುಮ್ಮನಾಗುತ್ತಿದ್ದವು. ವೇಷ ಎರಡೇ: ರೋಗಿ ಒಂದು, ರೋಗಿ ಎರಡು. ಇಬ್ಬರು ಒಂದೇ ಹೊತ್ತಿಗೆ ಬಂದರೆ ಆ್ಯಪು ತಡೆದುಕೊಳ್ಳುತ್ತದೆಯೇ ಎಂದು ನೋಡಲು ಯಾಕಮ್ಮ ಇಬ್ಬರನ್ನೂ ಜೊತೆಜೊತೆಗೇ ಓಡಿಸುತ್ತಿದ್ದಳು.

ಇದರಲ್ಲಿ ಒಂದು ತೊಡಕಿತ್ತು. ಆ್ಯಪಿನೊಳಗೆ ಹೋಗಲು ಪಾಸ್‌ವರ್ಡ್ ಒಂದೇ ಸಾಲದು. ಪಾಸ್‌ವರ್ಡೆಂದರೆ ಲ್ಯಾಬಿನವರು ಬರೆದುಕೊಂಡ ಹುಟ್ಟಿದ ದಿನಾಂಕ, ಅದು ಯಾರಿಗೆ ತಾನೇ ಗೊತ್ತಿರುವುದಿಲ್ಲ? ಹಾಗಾಗಿ ಅದನ್ನು ಕೊಟ್ಟ ಮೇಲೆ ರೋಗಿಯ ಮೊಬೈಲಿಗೆ ಆರಂಕಿಯ ಕೋಡೊಂದು ಬರುತ್ತಿತ್ತು. ಅದನ್ನೂ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಪ್ರೋಗ್ರಾಮಿನ ಹತ್ತಿರ ಮೊಬೈಲೆಲ್ಲಿರಬೇಕು? ಅದಕ್ಕಾಗಿ, ಪರೀಕ್ಷೆಗೆಂದೇ ಇಟ್ಟಿದ್ದ ಆ್ಯಪಿನ ನಕಲಿನಲ್ಲಿ ಒಂದು ಹಿಂಬಾಗಿಲು ಮಾಡಿದ್ದರು. ಕಳಿಸಿದ ಕೋಡ್ ಏನೇ ಇರಲಿ, ಆರು ಸೊನ್ನೆ ಒತ್ತಿದರೆ ಸಾಕು, ಒಳಗೆ.

"ಎಲ್ಲಾ ಕಡೆ ಹೀಗೇ ಮಾಡೋದು. ಆಯ್ತು, ಮುಗೀತು" ಎಂದಿದ್ದ, ಲಾಗಿನ್ ಭಾಗವನ್ನು ಬರೆದ ಎಂಜಿನಿಯರ್. ಯಾವ ಮಾತಿಗೂ ಇದೇ ಮುಕ್ತಾಯ ಹಾಡುವುದರಿಂದ ಅವನಿಗೆ ಆಯ್ತಪ್ಪ ಎಂದು ಹೆಸರಾಗಿತ್ತು. ನಲವತ್ತು ದಾಟಿದವನು, ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಮೊಟಕು.

ರೋಗಿಗಳಿಗೆ ಮೊಬೈಲ್ ನಂಬರೊಂದು ಬೇಕಲ್ಲ ಎಂದು ಯಾಕಮ್ಮ ಎರಡು ವರ್ಷದ ಹಿಂದೆ ಕೀಬೋರ್ಡಿನ ಮೇಲೆ ಬೆರಳು ಹೋದಂತೆ ಒಂದು ನಂಬರ್ ಒತ್ತಿ, ಎರಡನೆಯವನಿಗೆ ಕೊನೆಯ ಅಂಕಿಯನ್ನು ಒಂದು ಹೆಚ್ಚಿಸಿ, ಆ ವಿಷಯ ಮರೆತೇಬಿಟ್ಟಿದ್ದಳು. ಪರೀಕ್ಷೆಯ ನಕಲಿನಿಂದ ಮೆಸೇಜ್ ಹೊರಗೆ ಹೋಗುವುದಿಲ್ಲ ಎಂದು ಅವಳೂ ನಂಬಿದ್ದಳು, ಉಳಿದವರೂ ನಂಬಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ರಿಸೆಪ್ಶನ್ನಿನಿಂದ ಫೋನ್ ಬಂತು.

"ಯಾಕಮ್ಮಾ, ಯಾರೋ ಹಿರಿಯರು ಲೈನಲ್ಲಿದ್ದಾರೆ. ದೂರು ಅಲ್ವಂತೆ, ಪ್ರಶ್ನೆಯಂತೆ. ಪ್ರಶ್ನೆ ಅಂದ್ಮೇಲೆ ನಿನಗಲ್ದೆ ಇನ್ಯಾರಿಗೆ ಕೊಡ್ಲಿ?"

ಲೈನಿನಲ್ಲಿ ಬಂದದ್ದು ವಯಸ್ಸಾದ ಹೆಂಗಸಿನ ದನಿ. ಆದರೆ ಎಲ್ಲಿಯೂ ನಡುಕವಿಲ್ಲ, ಶಾಲೆಯಲ್ಲಿ ಪಾಠ ಒಪ್ಪಿಸಿದಷ್ಟು ಸ್ಪಷ್ಟ.

"ನಿಮ್ಮ ಕಂಪನಿಯಿಂದ ನನ್ನ ಮೊಬೈಲಿಗೆ ದಿನಕ್ಕೆ ಹನ್ನೆರಡು ಮೆಸೇಜ್ ಬರುತ್ತೆ. ಬೆಳಿಗ್ಗೆ ಹತ್ತೂ ಐದರಿಂದ ಆರು, ಸಂಜೆ ನಾಲ್ಕೂವರೆಯಿಂದ ಆರು. ಭಾನುವಾರ ಬರಲ್ಲ. ಐದು ತಿಂಗಳಾಯ್ತು."

ಹತ್ತೂ ಐದು, ನಾಲ್ಕೂವರೆ. ಅವು ಯಾಕಮ್ಮನ ಪ್ರೋಗ್ರಾಮುಗಳು ಏಳುವ ಹೊತ್ತು. ಕುರ್ಚಿಯಲ್ಲಿ ಕೂತಲ್ಲೇ ನೆಟ್ಟಗಾದಳು.

"ಅಯ್ಯೋ, ತಪ್ಪಾಯ್ತು ಅಮ್ಮಾ. ಈಗ್ಲೇ ನಿಲ್ಲಿಸ್ತೀನಿ."

"ನಿಲ್ಲಿಸಿ ಅಂತ ನಾನೆಲ್ಲಿ ಹೇಳಿದೆ? ಪೂರ್ತಿ ಕೇಳಿಸ್ಕೊಳ್ಳಿ. ನನ್ನ ತಂಗಿಗೂ ಬರುತ್ತೆ. ನಾವಿಬ್ಬರೂ ಒಂದೇ ಅಂಗಡೀಲಿ ಒಂದೇ ದಿನ ಸಿಮ್ ತಗೊಂಡವರು. ನನ್ನ ನಂಬರ್ ಕೊನೇಲಿ ಏಳು, ಅವಳದ್ದು ಎಂಟು. ನನಗೆ ಬರೋ ಅಂಕಿ ಬೇರೆ, ಅವಳಿಗೆ ಬರೋ ಅಂಕಿ ಬೇರೆ. ಸರಿ, ಹಾಗೇ ಇರಬೇಕು. ಆದರೆ ಕೆಲವು ಸಲ ಇಬ್ಬರಿಗೂ ಒಂದೇ ಅಂಕಿ ಬರುತ್ತೆ. ಇಲ್ಲೀವರೆಗೆ ನಲವತ್ತೊಂದು ಸಲ. ಯಾಕೆ?"

ಯಾಕಮ್ಮ ಹಾಳೆಯೊಂದನ್ನು ಹತ್ತಿರ ಎಳೆದುಕೊಂಡಳು.

"ಎಷ್ಟು ಸಲ ಅಂದ್ರಿ?"

"ನಲವತ್ತೊಂದು. ಬರೆದಿಟ್ಟಿದ್ದೀನಿ."

"ಬರೆದಿಟ್ಟಿದ್ದೀರಾ? ಹಾಗಾದ್ರೆ ಒಂದೆರಡು ಓದಿ ಹೇಳಿ ಅಮ್ಮಾ, ನೋಡೋಣ."

"ಅದು ಆಗಲ್ಲ" ಎಂದಿತು ದನಿ. "'ಈ ಕೋಡನ್ನು ಯಾರಿಗೂ ಹೇಳಬೇಡಿ, ನಮ್ಮ ಸಿಬ್ಬಂದಿ ಕೇಳಿದರೂ ಕೊಡಬೇಡಿ' ಅಂತ ನೀವೇ ಪ್ರತಿ ಮೆಸೇಜಲ್ಲೂ ಬರೀತೀರಲ್ಲ. ನೀವು ಸಿಬ್ಬಂದಿ ತಾನೇ?"

"ಮತ್ತೆ ತಂಗಿಗೆ ಹೇಳಿದ್ದೀರಿ?"

"ತಂಗಿ ಯಾರೋ ಹೇಗಾಗ್ತಾಳೆ? ತಂಗಿ ತಂಗೀನೇ."

ಬೇಕಾದರೆ ಮನೆಗೆ ಬಂದು ಕಣ್ಣಾರೆ ನೋಡಬಹುದು ಎಂದು ಹೇಳಿ, ವಿಳಾಸ ಬರೆಸಿ, ಆಕೆ ಫೋನಿಟ್ಟಳು.

ಮೆಸೇಜ್ ಹೊರಗೆ ಹೋಗುತ್ತಿದ್ದದ್ದು ಹೇಗೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಐದು ತಿಂಗಳ ಹಿಂದೆ ಹೊಸದೊಂದು ಮೆಸೇಜ್ ಸೇವೆಯನ್ನು ನೋಡಲೆಂದು ಒಂದು ದಿನದ ಮಟ್ಟಿಗೆ ಪರೀಕ್ಷೆಯ ನಕಲಿನ ಕಿಂಡಿ ತೆರೆದಿದ್ದರು; ಮುಚ್ಚಲು ಮರೆತಿದ್ದರು. ತೆರೆದವರು ಯಾರು ಎಂಬುದಕ್ಕಿಂತ, ಆ ನಂಬರುಗಳನ್ನು ಹಾಗೆ ಬೇಕಾಬಿಟ್ಟಿ ಒತ್ತಿದವಳು ತಾನು ಎಂಬುದೇ ಯಾಕಮ್ಮನನ್ನು ಚುಚ್ಚುತ್ತಿತ್ತು. ಆದರೆ ಆ ಚುಚ್ಚಿಗಿಂತ ದೊಡ್ಡದಾಗಿ ತಲೆಯಲ್ಲಿ ಕೊರೆಯುತ್ತಿದ್ದದ್ದು ನಲವತ್ತೊಂದು. ಆರಂಕಿಯ ಕೋಡುಗಳು ಹತ್ತು ಲಕ್ಷ. ಅಷ್ಟರಲ್ಲಿ ಇಬ್ಬರಿಗೆ ಒಂದೇ ಸಲಕ್ಕೆ ಒಂದೇ ಕೋಡ್ ಬರುವುದೆಂದರೆ ಜೀವಮಾನದಲ್ಲಿ ಒಮ್ಮೆಯೂ ಆಗದ ಮಾತು.

ಆಯ್ತಪ್ಪನ ಮೇಜಿಗೆ ಹೋಗಿ ಹೇಳಿದಳು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ವಯಸ್ಸಾದವರು. ಒಂದೇ ಮೆಸೇಜನ್ನ ಎರಡು ಸಲ ಬರ್ಕೊಂಡಿರ್ತಾರೆ. ಕಿಂಡಿ ಮುಚ್ಚಿದ್ರೆ ಆಯ್ತು, ಮುಗೀತು."

ಮ್ಯಾನೇಜರನೂ ಅದನ್ನೇ ಹೇಳಿದ, ಇನ್ನಷ್ಟು ಮೆತ್ತಗೆ. "ಕ್ಷಮಾಪಣೆ ಪತ್ರ ಕಳಿಸೋಣ. ಮೆಸೇಜ್ ಇವತ್ತೇ ನಿಲ್ಲಲಿ."

"ಸಾರ್, ನಾಳೆವರೆಗೆ ಬೇಡ. ಆ ಅಮ್ಮ ನಿಲ್ಲಿಸಿ ಅಂತ ಹೇಳಿಲ್ಲ, ಯಾಕೆ ಅಂತ ಕೇಳಿದ್ದಾರೆ. ಕಳಿಸಿದ ಕೋಡನ್ನ ನಾವೆಲ್ಲೂ ಬರೆದಿಡಲ್ಲ, ಬರೆದಿಡಬಾರದು ಅಂತ ನಿಯಮ. ನಮ್ಮ ಪರೀಕ್ಷೇಲೂ ಆರು ಸೊನ್ನೆ ಒತ್ತಿ ಒಳಗೆ ಹೋಗ್ತೀವಿ, ನಿಜವಾದ ಕೋಡನ್ನ ನೋಡೋದೇ ಇಲ್ಲ. ಅವು ಹೇಗಿವೆ ಅಂತ ಗೊತ್ತಿರೋದು ಜಗತ್ತಲ್ಲಿ ಅವರಿಬ್ಬರಿಗೇ. ಒಂದರ್ಧ ದಿನ ಕೊಡಿ, ಹೋಗಿ ನೋಡಿ ಬರ್ತೀನಿ."

"ಕ್ಷಮೆ ಕೇಳೋಕೆ ಹೋಗ್ತಿದ್ದೀಯಾ, ತಪಾಸಣೆಗೆ ಹೋಗ್ತಿದ್ದೀಯಾ?"

"ಎರಡಕ್ಕೂ ಸಾರ್. ಒಂದೇ ಬಸ್ ಚಾರ್ಜು."

ಮ್ಯಾನೇಜರ್ ನಕ್ಕ. ನಕ್ಕ ಮೇಲೆ ಇಲ್ಲವೆನ್ನುವುದು ಅವನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಯಾಕಮ್ಮ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಆ ವಿಳಾಸದ ಮೆಟ್ಟಿಲು ಹತ್ತಿದಳು. ಹಳೆಯ ಮೂರಂತಸ್ತಿನ ಕಟ್ಟಡ. ಗೋಡೆಗೆ ಹೊಸದಾಗಿ ಬಳಿದ ಬಣ್ಣದ ವಾಸನೆ. ಎರಡನೇ ಮಹಡಿಯ ಬಾಗಿಲು ಸರಪಳಿ ಹಾಕಿದಂತೆಯೇ ಅಂಗೈಯಗಲ ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಕನ್ನಡಕ.

"ಗುರುತಿನ ಚೀಟಿ."

ಯಾಕಮ್ಮ ಕತ್ತಿನಲ್ಲಿ ನೇತಾಡುತ್ತಿದ್ದ ಚೀಟಿಯನ್ನು ಸಂದಿಗೆ ಹಿಡಿದಳು. ಕಣ್ಣು ಅದನ್ನು ಓದಿತು, ಮುಖವನ್ನು ನೋಡಿತು, ಮತ್ತೆ ಓದಿತು.

"ಚೀಟಿ ಯಾರು ಬೇಕಾದ್ರೂ ಮಾಡಿಸ್ಕೋಬಹುದು. ಹತ್ತೂ ಐದು ಇನ್ನೂ ಆಗಿಲ್ಲ. ಈಗ ನಿಮ್ಮ ಕಡೆಯಿಂದ ನನಗೊಂದು ಮೆಸೇಜ್ ಬರೋ ಹಾಗೆ ಮಾಡಿ, ನೋಡೋಣ."

ಯಾಕಮ್ಮ ಲ್ಯಾಪ್‌ಟಾಪನ್ನು ಎಡತೋಳಿನ ಮೇಲೆ ಮಗುವಿನಂತೆ ಮಲಗಿಸಿಕೊಂಡು, ಬಲಗೈಯ ಒಂದೇ ಬೆರಳಿನಲ್ಲಿ ರೋಗಿ ಒಂದರ ನಂಬರನ್ನೂ ಹುಟ್ಟಿದ ದಿನಾಂಕವನ್ನೂ ಒತ್ತಿದಳು. ಒಳಗೆಲ್ಲೋ ಮೊಬೈಲು ಗುರ್ರೆಂದಿತು. ಸರಪಳಿ ಕಳಚಿತು.

"ಎರಡು ಗುರುತು ಕೇಳಿ ಒಳಗೆ ಬಿಟ್ರಲ್ಲಮ್ಮಾ. ನಮ್ಮ ಆ್ಯಪೂ ಇದನ್ನೇ ಮಾಡೋದು" ಎಂದು ಯಾಕಮ್ಮ ನಕ್ಕಳು.

"ನಿಮ್ಮ ಆ್ಯಪು ಇದನ್ನ ಸರಿಯಾಗಿ ಮಾಡ್ತಿದ್ರೆ ನೀವು ಇಲ್ಲಿಗೆ ಬರ್ತಿರಲಿಲ್ಲ" ಎಂದಳು ಆಕೆ. "ಬನ್ನಿ, ಕೂತ್ಕೊಳ್ಳಿ."

ಆಕೆ ಮೂವತ್ತೆರಡು ವರ್ಷ ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ದಿನಕ್ಕೆ ಮೂರು ಹೊತ್ತು ಗಾಳಿಯ ವೇಗ, ಒತ್ತಡ, ತೇವಾಂಶ ನೋಡಿ ಬರೆಯುವುದೇ ಕೆಲಸ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರದೆ ಅದೂ ಇದೂ ಬರೆಯುತ್ತಿದ್ದಳು. ಆಗ ಈ ಮೆಸೇಜುಗಳು ಬರತೊಡಗಿದವು. ಮೊದಲ ದಿನ ಯಾರೋ ತಪ್ಪಿ ಕಳಿಸಿರಬೇಕೆಂದುಕೊಂಡಳು. ಎರಡನೇ ದಿನವೂ ಅದೇ ಹೊತ್ತಿಗೆ ಬಂದಾಗ ಪೆನ್ಸಿಲ್ ಕೈಗೆತ್ತಿಕೊಂಡಳು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಉದ್ದನೆಯ ರಟ್ಟಿನ ಪುಸ್ತಕವಿತ್ತು. ಯಾಕಮ್ಮ ತೆರೆದು ನೋಡಿದಳು. ಪ್ರತಿ ಪುಟದಲ್ಲಿ ಐದು ಕಂಬಸಾಲು: ದಿನ, ಅಕ್ಕನಿಗೆ ಬಂದ ವೇಳೆ, ಅಕ್ಕನ ಅಂಕಿ, ತಂಗಿಗೆ ಬಂದ ವೇಳೆ, ತಂಗಿಯ ಅಂಕಿ. ವೇಳೆ ಎಂದರೆ ಸೆಕೆಂಡಿನವರೆಗೂ. ಒಂದು ಗೀಚಿಲ್ಲ, ಒಂದು ತಿದ್ದಿಲ್ಲ. ಎರಡೂ ಅಂಕಿ ಒಂದೇ ಆದಲ್ಲಿ ಕೆಂಪು ಪೆನ್ಸಿಲಿನ ಚುಕ್ಕೆ.

"ಮೆಸೇಜನ್ನ ಒತ್ತಿ ಹಿಡಿದ್ರೆ ಸೆಕೆಂಡೂ ತೋರಿಸುತ್ತೆ" ಎಂದಳು ಆಕೆ, ಇದೇನು ಮಹಾ ಎಂಬಂತೆ. "ತಂಗಿ ಶನಿವಾರ ಶನಿವಾರ ಬರ್ತಾಳೆ, ಅವಳ ಮೊಬೈಲಿಂದ ನಾನೇ ಇಳಿಸ್ಕೋತೀನಿ. ಅವಳಿಗೆ ಇದರಲ್ಲಿ ನಂಬಿಕೆಯಿಲ್ಲ. ಇನ್ನೊಂದು ವಿಷಯ. ಇಷ್ಟು ಕೋಡಲ್ಲಿ ಒಂದೂ ಸೊನ್ನೆಯಿಂದ ಶುರುವಾಗಲ್ಲ. ಅದ್ಯಾಕೆ?"

ಯಾಕಮ್ಮ ಅಲ್ಲಿಂದಲೇ ಆಯ್ತಪ್ಪನಿಗೆ ಫೋನ್ ಮಾಡಿದಳು. ಅದಕ್ಕೆ ಅವನಲ್ಲಿ ಉತ್ತರ ಸಿದ್ಧವಿತ್ತು: ಮೊದಲ ಅಂಕಿ ಸೊನ್ನೆಯಾದರೆ ಜನ ಅದನ್ನು ಬಿಟ್ಟು ಐದೇ ಅಂಕಿ ಒತ್ತುತ್ತಾರೆ, ಅದಕ್ಕೆ ಬೇಕೆಂದೇ ಒಂದು ಲಕ್ಷದಿಂದ ಶುರುಮಾಡಿದ್ದು. "ನೋಡಿದ್ಯಾ, ಎಲ್ಲಕ್ಕೂ ಕಾರಣ ಇರುತ್ತೆ. ಆಯ್ತು..." ಅವನು ಮುಗೀತು ಎನ್ನುವ ಮೊದಲೇ ಯಾಕಮ್ಮ ಫೋನಿಟ್ಟಳು. ಸೊನ್ನೆಗೆ ಕಾರಣವಿದ್ದರೆ ಕೆಂಪು ಚುಕ್ಕೆಗೂ ಇರಲೇಬೇಕು.

ಕಂಪನಿಯಲ್ಲಿ ಕೋಡನ್ನು ಬರೆದಿಡದಿದ್ದರೂ ಯಾರು ಯಾವಾಗ ಕೇಳಿದರು ಎಂಬ ದಾಖಲೆ ಇರುತ್ತಿತ್ತು. ಯಾಕಮ್ಮ ಐದು ತಿಂಗಳ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಮೇಜಿನ ಈ ಬದಿ ಕೂತಳು. ಆಕೆ ಪುಸ್ತಕ ಹಿಡಿದು ಆ ಬದಿ ಕೂತಳು.

"ಮೊದಲನೇ ಚುಕ್ಕೆ ಯಾವತ್ತು ಅಮ್ಮಾ? ಕೋಡ್ ಬೇಡ, ದಿನ ಹೇಳಿ ಸಾಕು."

"ನಾಲ್ಕನೇ ತಾರೀಖು, ಬೆಳಿಗ್ಗೆ, ಮೂರನೇ ಮೆಸೇಜು."

ಯಾಕಮ್ಮ ಹುಡುಕಿದಳು. ರೋಗಿ ಒಂದು ಕೋಡ್ ಕೇಳಿದ್ದು ಹತ್ತು ಗಂಟೆ ಆರು ನಿಮಿಷ ಹದಿನೆಂಟು ಸೆಕೆಂಡಿಗೆ. ರೋಗಿ ಎರಡು ಕೇಳಿದ್ದೂ ಹದಿನೆಂಟನೇ ಸೆಕೆಂಡಿಗೆ.

"ಮುಂದಿನದು?"

"ಒಂಬತ್ತು. ಸಂಜೆ. ಐದನೇದು."

ಇಬ್ಬರೂ ಒಂದೇ ಸೆಕೆಂಡು.

"ಮುಂದಿನದು?"

ಮತ್ತೂ ಅದೇ. ಹತ್ತು ಚುಕ್ಕೆ ಆಯಿತು, ಹತ್ತೂ ಹಾಗೇ. ಇಪ್ಪತ್ತಾದಾಗ ಇಬ್ಬರೂ ಕುರ್ಚಿಯ ತುದಿಗೆ ಬಂದಿದ್ದರು. ನಡುವೆ ಹತ್ತೂ ಐದರ ಆರು ಮೆಸೇಜುಗಳು ಬಂದು ಮೊಬೈಲು ಮೇಜಿನ ಮೇಲೆ ಜರುಗಿ ಜರುಗಿ ಅಂಚಿಗೆ ಹೋದರೂ ಯಾರೂ ತಿರುಗಿ ನೋಡಲಿಲ್ಲ. ನಲವತ್ತೊಂದೂ ಮುಗಿದವು. ನಲವತ್ತೊಂದರಲ್ಲೂ ಸೆಕೆಂಡು ಒಂದೇ.

"ಈಗ ಉಲ್ಟಾ ನೋಡೋಣ" ಎಂದಳು ಹಿರಿಯಾಕೆ, ಕನ್ನಡಕ ಒರೆಸಿಕೊಳ್ಳುತ್ತ. "ಸೆಕೆಂಡು ಒಂದೇ ಆಗಿಯೂ ಅಂಕಿ ಬೇರೆಯಾದದ್ದು ಇದೆಯಾ? ಒಂದೇ ಒಂದು ಸಿಕ್ಕಿದ್ರೂ ನಮ್ಮ ಲೆಕ್ಕ ಸುಳ್ಳು."

ಹತ್ತು ವರ್ಷ ಇದೇ ಕೆಲಸ ಮಾಡಿದ ಯಾಕಮ್ಮನಿಗೆ ಈ ಮಾತು ತನಗೆ ಮೊದಲು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹುಡುಕಿದರು. ಒಂದೂ ಸಿಗಲಿಲ್ಲ.

ಆ ಹೊತ್ತಿಗೆ, ಕಂಪನಿಯವರು ಬರುತ್ತಾರೆಂದು ಅಕ್ಕನಿಂದ ಕೇಳಿದ್ದ ತಂಗಿ ಬಾಗಿಲು ತಟ್ಟಿ ಬಂದಳು. ಎರಡು ಬೀದಿಯಾಚೆ ಬಟ್ಟೆ ಹೊಲಿಯುವ ಅಂಗಡಿ ಅವಳದ್ದು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೋಳಿನ ತುಂಬ ದಾರದ ಎಳೆ. ಯಾಕಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇನಾ ಅದು? ದಿನಾ ಹನ್ನೆರಡು ಸಲ ನನ್ನ ಮೊಬೈಲು ಬಡ್ಕೊಳ್ಳೋ ಹಾಗೆ ಮಾಡಿದ್ದು? ಗಿರಾಕಿ ಫೋನ್ ಅಂತ ಹೊಲಿಗೆ ಬಿಟ್ಟು ಓಡಿ ಬರ್ತೀನಿ, ನೋಡಿದ್ರೆ ಇದು. ಪೊಲೀಸಿಗೆ ಹೇಳೋಣ ಅಂತ ಮೊದಲ ದಿನಾನೇ ಹೇಳ್ದೆ, ಈ ಅಕ್ಕ ಕೇಳಬೇಕಲ್ಲ. ಡಿಲೀಟ್ ಮಾಡೋಕೂ ಬಿಡಲ್ಲ!"

"ತಪ್ಪು ನಂದೇ. ನಂಬರ್ ಒತ್ತಿದ್ದು ನಾನೇ. ದಯವಿಟ್ಟು ಕ್ಷಮಿಸಿ" ಎಂದಳು ಯಾಕಮ್ಮ. ಇಷ್ಟು ನೇರವಾಗಿ ಒಪ್ಪಿಕೊಂಡರೆ ಜಗಳ ಹೇಗೆ ಮುಂದುವರಿಸುವುದೋ ತಿಳಿಯದೆ ತಂಗಿ ಕುಳಿತುಕೊಂಡಳು.

ಯಾಕಮ್ಮ ಅವಳಿಗೆ ವಿವರಿಸಿದಳು. ಕಂಪ್ಯೂಟರಿಗೆ ನಮ್ಮ ಹಾಗೆ ಕಣ್ಣು ಮುಚ್ಚಿ ಒಂದು ಅಂಕಿ ಎತ್ತಲು ಬರುವುದಿಲ್ಲ. ಶುರುವಿಗೊಂದು ಸಂಖ್ಯೆ ಕೊಡಬೇಕು. ಅದರ ಮೇಲೆ ಏನೇನೋ ಲೆಕ್ಕ ಹಾಕಿ ಮನಸ್ಸಿಗೆ ಬಂದಂತೆ ಕಾಣುವ ಇನ್ನೊಂದು ಸಂಖ್ಯೆಯನ್ನು ಕೊಡುತ್ತದೆ. ಶುರುವಿನ ಸಂಖ್ಯೆ ಒಂದೇ ಆದರೆ ಬರುವುದೂ ಒಂದೇ. ಇಲ್ಲಿ ಯಾರೋ ಶುರುವಿಗೆ ಗಡಿಯಾರದ ಸೆಕೆಂಡನ್ನೇ ಕೊಟ್ಟಂತಿದೆ.

ತಂಗಿ ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಆಮೇಲೆ ತೀರ ಸಾಮಾನ್ಯ ದನಿಯಲ್ಲಿ ಕೇಳಿದಳು:

"ಹಾಗಾದ್ರೆ ಇವಳ ರಕ್ತದ ವರದಿ ನೋಡಬೇಕು ಅಂತ ನನಗನ್ನಿಸಿದ್ರೆ, ಇವಳ ಹೆಸರಲ್ಲೂ ನನ್ನ ಹೆಸರಲ್ಲೂ ನಾನೇ ಒಟ್ಟಿಗೆ ಕೋಡ್ ಕೇಳಿದ್ರೆ ಸಾಕಾ? ನನಗೆ ಬಂದದ್ದನ್ನೇ ಇವಳದ್ದಕ್ಕೆ ಹಾಕಬಹುದಾ? ಇವಳು ಹುಟ್ಟಿದ ದಿನ ನನಗೆ ಗೊತ್ತು."

ಯಾಕಮ್ಮ ಹೌದೆಂದು ತಲೆಯಾಡಿಸಿದಳು. ಚುಕ್ಕೆ ಎಣಿಸುವ ಹುಮ್ಮಸ್ಸಿನಲ್ಲಿ ಅವಳು ಇಷ್ಟು ದೂರ ಯೋಚಿಸಿಯೇ ಇರಲಿಲ್ಲ.

"ಅಕ್ಕಾ" ಎಂದಳು ತಂಗಿಗೆ, "ನೀವು ನಮ್ಮ ಕಂಪನಿಗೆ ಬರಬೇಕಿತ್ತು."

"ನಿಮ್ಮ ಕಂಪನಿ ಹೊಲಿಗೆ ನೋಡಿದ್ನಲ್ಲ. ಬೇಡಮ್ಮಾ."

ಪುಸ್ತಕ ಕೊಡಿ ಎಂದು ಕೇಳಲು ಯಾಕಮ್ಮನಿಗೆ ಧೈರ್ಯವಾಗಲಿಲ್ಲ. ಹಿರಿಯಾಕೆಯೇ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟಳು. "ನೀನು ಯಾರು ಅಂತ ಈಗ ಗೊತ್ತಾಯ್ತಲ್ಲ" ಎಂದಳು. 'ನೀವು' ಹೋಗಿ 'ನೀನು' ಆದದ್ದು ಯಾವಾಗ ಎಂದು ಯಾಕಮ್ಮ ಬಸ್ಸಿನಲ್ಲಿ ಕೂತ ಮೇಲೆ ಯೋಚಿಸಿದಳು.

ಕಚೇರಿಗೆ ಬಂದವಳು ನೇರ ಮ್ಯಾನೇಜರನ ಕೋಣೆಗೆ ಹೋದಳು. ಆಯ್ತಪ್ಪನನ್ನೂ ಕರೆಸಿದಳು. ಬಾಯಲ್ಲಿ ಹೇಳಿದರೆ ಮತ್ತೆ ಕಾಕತಾಳೀಯ ಎನ್ನುತ್ತಾರೆಂದು ಬಸ್ಸಿನಲ್ಲೇ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಂಡಿದ್ದಳು. ಎರಡು ನಂಬರಿಗೆ ಒಂದೇ ಸೆಕೆಂಡಿನಲ್ಲಿ ಕೋಡ್ ಕೇಳುವುದಷ್ಟೇ ಅದರ ಕೆಲಸ.

"ಸಾರ್, ಪರೀಕ್ಷೆಯ ನಕಲಿನಲ್ಲಿ ನಿಮ್ಮ ಹೆಸರಲ್ಲಿ ಒಬ್ಬ ರೋಗೀನ ಮಾಡ್ತೀನಿ. ನಿಮ್ಮದೇ ನಂಬರ್. ಹಾಕಲಾ?"

"ಹಾಕು."

"ಹುಟ್ಟಿದ ದಿನ ಕೇಳೋದು ಬೇಡ. ಪ್ರತಿ ವರ್ಷ ಇಲ್ಲಿ ಕೇಕ್ ತಿಂದಿದ್ದೀವಿ. ನಿಮ್ಮ ಮೊಬೈಲನ್ನ ಮೇಜಿನ ಮೇಲೆ ಬೋರಲು ಇಡಿ. ನಾನು ಮುಟ್ಟಲ್ಲ."

ಅವನು ಇಟ್ಟ. ಯಾಕಮ್ಮ ಒಂದು ಗುಂಡಿ ಒತ್ತಿದಳು. ಎರಡು ಮೊಬೈಲೂ ಒಟ್ಟಿಗೆ ಗುರ್ರೆಂದವು. ಅವಳು ತನ್ನ ಮೊಬೈಲಿಗೆ ಬಂದ ಆರಂಕಿಯನ್ನು ನೋಡಿ, ಮ್ಯಾನೇಜರನ ಹೆಸರಿನ ಪುಟದಲ್ಲಿ ಒತ್ತಿದಳು. ಪುಟ ತೆರೆಯಿತು. ಅವಳು ಮೊದಲೇ ತುಂಬಿಟ್ಟಿದ್ದ ಸುಳ್ಳು ವರದಿ: ಮ್ಯಾನೇಜರನ ಸಕ್ಕರೆ ಅಂಶ ಸ್ವಲ್ಪ ಜಾಸ್ತಿ, ಕೇಕ್ ಕಡಿಮೆ ಮಾಡಬೇಕು.

ಯಾರೂ ನಗಲಿಲ್ಲ. ಮ್ಯಾನೇಜರ್ ತನ್ನ ಮೊಬೈಲನ್ನು ಮಗುಚಿ, ಅದರಲ್ಲಿದ್ದ ಅಂಕಿಯನ್ನೂ ಅವಳ ಮೊಬೈಲಿನ ಅಂಕಿಯನ್ನೂ ಪಕ್ಕಪಕ್ಕ ಹಿಡಿದು ನೋಡಿದ.

"ಜನರು ಬಳಸೋ ಅಸಲಿ ಆ್ಯಪಲ್ಲೂ ಹೀಗೇನಾ?" ಎಂದು ಕೇಳಿದ.

ಆಯ್ತಪ್ಪನೇ ಒಪ್ಪಿಕೊಂಡ. "ಅಲ್ಲೂ ಇದೇ ಪ್ರೋಗ್ರಾಮು ಸಾರ್. ಆರು ವರ್ಷದ ಹಿಂದೆ ಬರೆದದ್ದು. ಮೊದಮೊದಲು ದಿನಕ್ಕೆ ಹತ್ತು ಜನ ಬರ್ತಿದ್ರು, ಸೆಕೆಂಡು ಸಾಕು ಅನ್ನಿಸಿತ್ತು. ಆಮೇಲೆ ಬದಲಾಯಿಸೋಣ ಅಂದ್ಕೊಂಡೆ." ಅವನು ಯಾಕಮ್ಮನ ಕಡೆ ತಿರುಗಿದ. "ಆರು ಸೊನ್ನೆ ಒತ್ತಿ ಒತ್ತಿ, ನಿಜವಾದ ಕೋಡು ಅಂತ ಒಂದಿದೆ ಅನ್ನೋದೇ ನನಗೆ ಮರೆತು ಹೋಗಿತ್ತು."

ಆ ಮಧ್ಯಾಹ್ನ ಅವನು ಊಟಕ್ಕೂ ಏಳದೆ ಕೂತು ಆ ಸೆಕೆಂಡಿನ ಲೆಕ್ಕವನ್ನು ತೆಗೆದುಹಾಕಿ, ಯಾರೂ ಊಹಿಸಲಾಗದಂತೆ ಕೋಡ್ ತೆಗೆಯುವ ಸರಿಯಾದ ವಿಧಾನವನ್ನು ಹಾಕಿದ. ಅದಕ್ಕೆ ಬೇಕಾದದ್ದು ಎರಡೇ ಗಂಟೆ. ಯಾರಾದರೂ ಈ ಸಂದಿಯಿಂದ ಒಳಹೊಕ್ಕಿದ್ದಾರೆಯೇ ಎಂದು ಹಳೆಯ ದಾಖಲೆಗಳನ್ನು ಜಾಲಾಡಲು ಮಾತ್ರ ಮೂರು ದಿನ ಹಿಡಿಯಿತು. ಒಂದೇ ಸೆಕೆಂಡಿನಲ್ಲಿ ಕೋಡ್ ಕೇಳಿದ ಜನ ಸಿಕ್ಕರು. ಆದರೆ ಅವರೆಲ್ಲ ಎಲ್ಲೆಲ್ಲಿಂದಲೋ ಬಂದ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ, ತಮ್ಮ ತಮ್ಮ ವರದಿಯನ್ನೇ ನೋಡಿ ಹೊರಬಿದ್ದವರು. ಮ್ಯಾನೇಜರ್ ಒಂದು ದಿನ ಹಿಂದೆಮುಂದೆ ನೋಡಿ, ಕೊನೆಗೆ ಎಲ್ಲ ಲ್ಯಾಬುಗಳಿಗೂ ನಡೆದದ್ದನ್ನು ಬರೆದು ತಿಳಿಸಿದ. ಕೆಲವರು ಕೂಗಾಡಿದರು. ಒಬ್ಬರು ಮಾತ್ರ, ಕಂಡುಹಿಡಿದವರು ಯಾರು ಎಂದು ಕೇಳಿದರು.

ಯಾಕಮ್ಮ ತನ್ನ ಪಾಲಿನ ಕೆಲಸ ಹಿಡಿದಳು. ಪರೀಕ್ಷೆಯ ನಕಲಿನಿಂದ ಆರು ಸೊನ್ನೆಯ ಹಿಂಬಾಗಿಲನ್ನು ಕಿತ್ತುಹಾಕಿಸಿದಳು. ಕಂಪನಿಯ ಹೆಸರಿನಲ್ಲಿ ಎರಡು ಸಿಮ್ ತರಿಸಿ, ಎರಡು ಹಳೆಯ ಮೊಬೈಲಿಗೆ ಹಾಕಿ, ತನ್ನ ಮೇಜಿನ ಮೇಲೆ ಚಾರ್ಜರಿಗೆ ಸಿಕ್ಕಿಸಿದಳು. ಇನ್ನು ಮೇಲೆ ಪ್ರೋಗ್ರಾಮುಗಳು ಅಲ್ಲಿಗೆ ಬರುವ ನಿಜವಾದ ಕೋಡನ್ನೇ ಓದಿ ಒತ್ತಬೇಕು, ಮತ್ತು ಎರಡೂ ಕಡೆ ಒಂದೇ ಕೋಡ್ ಬಂದರೆ ಕೆಂಪು ಗೆರೆ ಎಳೆಯಬೇಕು. ಮೊದಲ ದಿನ ಎಲ್ಲವೂ ಕೆಂಪಾಯಿತು. ಎಲ್ಲರೂ ಗಾಬರಿಯಿಂದ ಓಡಿಬಂದು ನೋಡಿದರೆ, ಕಸ ಗುಡಿಸುವಾಗ ಚಾರ್ಜರಿನ ಸ್ವಿಚ್ಚು ಆರಿ ಎರಡೂ ಮೊಬೈಲು ಸತ್ತು ಬಿದ್ದಿದ್ದವು.

ಮುಂದಿನ ವಾರದ ಶನಿವಾರ ಮ್ಯಾನೇಜರನನ್ನು ಕರೆದುಕೊಂಡು ಅವಳು ಮತ್ತೆ ಆ ಮೆಟ್ಟಿಲು ಹತ್ತಿದಳು. ತಂಗಿಯೂ ಅಂಗಡಿಗೆ ಬೇಗ ಬೀಗ ಹಾಕಿ ಬಂದಿದ್ದಳು. ಮ್ಯಾನೇಜರ್ ಬಾಗಿಲಲ್ಲೇ ಕ್ಷಮೆ ಕೇಳಲು ಬಾಯಿ ತೆರೆದ. ಹಿರಿಯಾಕೆ ಮೊದಲು ಅವನ ಗುರುತಿನ ಚೀಟಿ ಕೇಳಿದಳು.

"ನಮ್ಮ ನಂಬರನ್ನ ನಮ್ಮ ಕಣ್ಣೆದುರೇ ಅಳಿಸ್ಬೇಕು" ಎಂದಳು ತಂಗಿ.

"ಅಳಿಸ್ತೀನಿ ಅಕ್ಕಾ, ಅದಕ್ಕೇ ಬಂದದ್ದು."

"ತಡಿ" ಎಂದಳು ಅಕ್ಕ. "ಸರಿಮಾಡಿದ್ದೀವಿ ಅಂತ ನೀವು ಹೇಳಿದ್ರೆ ಆಯ್ತಾ? ಒಂದೇ ಸೆಕೆಂಡಲ್ಲಿ ಇಬ್ಬರಿಗೂ ಕಳಿಸು. ಒಂದು ಸಲ ಅಲ್ಲ, ಇಪ್ಪತ್ತು ಸಲ. ಆಮೇಲೆ ಅಳಿಸು."

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಯಾಕಮ್ಮ ಪುಸ್ತಕವನ್ನು ಅಕ್ಕನಿಗೆ ಮರಳಿಸಿ, ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಎರಡು ಮೊಬೈಲುಗಳನ್ನು ಮೇಜಿನ ನಡುವೆ ಇಟ್ಟರು. ಅವಳು ಒತ್ತಿದಾಗಲೆಲ್ಲ ಎರಡೂ ಒಟ್ಟಿಗೆ ನಡುಗುತ್ತಿದ್ದವು. ಅಕ್ಕ ತನ್ನದನ್ನು ಓದುವಳು, ತಂಗಿ ತನ್ನದನ್ನು ಓದುವಳು. ಮೊದಮೊದಲು ಗೊಣಗುತ್ತ ಓದಿದ ತಂಗಿ ಏಳೆಂಟು ಸಲವಾಗುವಷ್ಟರಲ್ಲಿ ಅಕ್ಕನಿಗಿಂತ ಮೊದಲೇ ಮೊಬೈಲನ್ನು ಕಿತ್ತುಕೊಂಡು ಓದತೊಡಗಿದಳು.

"ಬೇರೆ."

"ಇದೂ ಬೇರೆ."

"ಮೊದಲನೇ ಅಂಕಿ ಒಂದೇ... ಇಲ್ಲ ಇಲ್ಲ, ಬೇರೆ!"

ಹದಿನೈದನೆಯದಕ್ಕೆ ಮ್ಯಾನೇಜರನೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಇಣುಕಿದ. ಇಪ್ಪತ್ತೂ ಬೇರೆ ಬೇರೆ. ಅಕ್ಕ ಎಲ್ಲವನ್ನೂ ಬರೆದು, ಕೆಳಗೆ ಒಂದು ಗೆರೆ ಎಳೆದಳು. ಯಾಕಮ್ಮ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಎರಡು ನಂಬರನ್ನೂ ಅಳಿಸಿದಳು. ತಂಗಿ ಪರದೆಯ ಹತ್ತಿರ ಬಗ್ಗಿ, ಇನ್ನೊಮ್ಮೆ ಹುಡುಕಿಸಿ, ಇಲ್ಲವೆಂದು ಖಾತ್ರಿಮಾಡಿಕೊಂಡಳು.

ಚಹಾ ಕುಡಿದದ್ದಾಯಿತು. ಮ್ಯಾನೇಜರ್ ಎದ್ದ, ಯಾಕಮ್ಮನೂ ಚೀಲ ಹೆಗಲಿಗೇರಿಸಿದಳು. ಆಗ ತಂಗಿ ತನ್ನ ಮೊಬೈಲನ್ನು ಅತ್ತಿತ್ತ ತಿರುಗಿಸುತ್ತ, ಕೇಳಲೋ ಬೇಡವೋ ಎಂಬಂತೆ ಕೇಳಿದಳು:

"ಅಲ್ಲಾ, ನನಗೆ ಇನ್ನೊಂದು ಬರುತ್ತೆ. ನಿಮ್ಮದಲ್ಲ. 'ನಿಮ್ಮ ನಾಯಿಗೆ ಲಸಿಕೆ ಹಾಕಿಸುವ ದಿನ ಬಂದಿದೆ' ಅಂತ. ನನ್ಹತ್ರ ನಾಯೀನೇ ಇಲ್ಲ. ಮೂರು ಸಲ ಬಂತು. ಯಾರದ್ದೋ ನಾಯಿ, ಪಾಪ, ಲಸಿಕೆ ಇಲ್ದೆ ಓಡಾಡ್ತಿರಬೇಕು. ಅದರ ಮನೆಯವರನ್ನ ಹುಡುಕೋದು ಹೇಗೆ?"

ಅಕ್ಕ ತಂಗಿಯ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಪುಸ್ತಕದ ಹೊಸ ಪುಟ ತಿರುಗಿಸಿ, ಪೆನ್ಸಿಲನ್ನು ತಂಗಿಯ ಕೈಗೇ ಕೊಟ್ಟಳು.

"ಯಾವ್ಯಾವ ತಾರೀಖು ಬಂತು, ಬರಿ" ಎಂದಳು.

"ಸಾರ್, ನೀವು ಹೊರಡಿ" ಎಂದು ಯಾಕಮ್ಮ ಚೀಲವನ್ನು ಕೆಳಗಿಟ್ಟಳು. "ನಾನು ಆಮೇಲೆ ಬರ್ತೀನಿ."